ಬಾತುಗಳ ತವರು

ನಾರಾಯಣಪೇಟೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ ತಮ್ಮ ಕೂತಿದ್ದರು. ಅವನ ಮೊಬೈಲು ಅವಳ ಕೈಯಲ್ಲಿತ್ತು.

"ಸಿದ್ದು, ಇವು ಚಳಿಗಾಲಕ್ಕ ನಮ್ಮ ಕೆರೀಗೆ ಬರೋ ಬಾತು ಅಲ್ಲೇನು?"

"ಹೂಂ ಅಕ್ಕಾ. ಹಕ್ಕಿ ಫೋಟೊ ತೆಗಿಯೋರನ್ನ ಕಾರಿನ್ಯಾಗ ಲಡಾಖಿಗೆ ಕರ್ಕೊಂಡು ಹೋಗಿದ್ನಲ್ಲ, ಅಲ್ಲಿವು. ಮರಿ ನೋಡು."

"ನಾ ನಮ್ಮ ಕೆರೀನೇ ಇವುಕ್ಕ ತವರು ಅನ್ಕೊಂಡಿದ್ದೆ."

"ಇಲ್ಲ. ಹೆರಿಗಿ, ಬಾಣಂತನ ಎಲ್ಲಾ ಅಲ್ಲೇ."

"ಹಂಗಾದ್ರ ಅದೇ ತವರು ಬಿಡು. ದಾರಿ?"

"ಹಿಮದ ಗುಡ್ಡ ದಾಟಬೇಕು."

"ವರ್ಷಾ ವರ್ಷಾ ಹೋಗ್ತಾವಾ?"

"ಒಂದು ವರ್ಷಾನೂ ತಪ್ಸಂಗಿಲ್ಲ."

ರಾಯಚೂರು ಬಸ್ ಬಂತು. ಅವನು ಹತ್ತಿ ಕಿಟಕಿಯಲ್ಲಿ ಕೈ ಚಾಚಿದ. ಅವಳು ಮೊಬೈಲು ಕೊಡಲು ತಡಮಾಡಿದಳು.

"ಈ ಪಂಚಮಿಗರ ಬಾ ಅಕ್ಕಾ. ಅವ್ವ ದಾರಿ ನೋಡಾಕತ್ತಾಳ."

"ಮಗ್ಗದ ಮ್ಯಾಲ ಸೀರಿ ಐತೋ."

"ಹ್ವಾದ ಪಂಚಮಿಗೂ ಇದ್ನೇ ಅಂದಿದ್ದಿ."

"ರಾಯಚೂರು ಭಾಳ ದೂರ ಐತಪಾ," ಎಂದಳು.

ಬಸ್ ಹೊರಟಿತು. ಎರಡು ತಾಸಿನ ದಾರಿ ಅದು.