ಮೊಸರನ್ನಕ್ಕೆ ಹಾಲು ಯಾರ ಮನೇದು

ಅಯ್ಯೋ ಬೇಡ ಕಣೇ ತ್ರಿವೇಣಿ, ಕಾಫಿ ಬೇಡ! ಈಗ ತಾನೆ ಕುಡ್ಕೊಂಡು ಬಂದೆ... ಇಲ್ಲ ಇಲ್ಲ, ನಿಮ್ಮ ಹಸು ಹಾಲು ಅಂತಲ್ಲ! ಯಾಕೆ ಹಂಗ್ ನೋಡ್ತೀಯ? ಇವತ್ತು ಸೋಮವಾರ ಅಲ್ವಾ, ಉಪವಾಸ... ಏನು? ಉಪವಾಸದೋಳು ಈಗ ತಾನೆ ಕಾಫಿ ಹೆಂಗ್ ಕುಡಿದೆ ಅಂತಾನಾ? ಸರಿ, ಉಪವಾಸಕ್ಕೂ ಕಾಫಿ ನಡೀತದೆ ಬುಡು. ಇಡು ಅಲ್ಲಿ. ಆಮೇಲೆ ಕುಡೀತೀನಿ.

ನಾನು ಬಂದ ವಿಷಯ ಮೊದ್ಲು ಕೇಳು. ಹಿತ್ತಲಲ್ಲಿ ರಂಗರಾಜು ಹಸೂಗೆ ಹೊಸ ಹಗ್ಗ ಹಾಕ್ತಾವ್ನಲ್ಲ, ಮಾರೋಕೆ ತಾನೆ? ಟೆಂಪೋ ಬಂದು ಡೈರಿ ಹತ್ರ ನಿಂತದೆ, ಬರ್ತಾ ನೋಡ್ದೆ. ಬೇಡ ಅನ್ನು ನಿನ್ ಗಂಡಂಗೆ. ರಿಪೋರ್ಟ್ ಬಂದದೆ! ಅದನ್ನ ಹೇಳೋಕೇ ಕಣೆ ಅಂಗನವಾಡಿ ಸೆಂಟರ್‌ಗೆ ಬೀಗ ಹಾಕಿ ಓಡ್ಬಂದೆ.

ಅದೇ, ತುಮಕೂರಿಂದ ಲ್ಯಾಬಿನ ಸುಧಾ ಮೇಡಂ ಬಂದಿದ್ರಲ್ಲ... ಕಡ್ಡಿ ತುದೀಗೆ ಹತ್ತಿ ಸುತ್ತಿ ನಮ್ಮ ಅಂಗನವಾಡಿ ಮಕ್ಕಳ ಗಂಟಲೆಲ್ಲ ಒರೆಸ್ಕೊಂಡು ಹೋದ್ರಲ್ಲ. ನಿನ್ ಭೂಮಿಕಾ ಅವರ ಬೆರಳು ಕಚ್ಚಿಬಿಟ್ಲು, ನೆನಪಿದ್ಯಾ? ಗುಳ್ಳೆ ಎಲ್ಲಾರಿಗಿಂತ ಮುಂಚೆ ಎದ್ದಿದ್ದೂ ಇವಳಿಗೇ, ಕಚ್ಚಿದ್ದೂ ಇವಳೇ ಅಂತ ಎಲ್ಲ ನಕ್ಕಿದ್ದೂ ನಕ್ಕಿದ್ದೇ... ನಗು ಬರ್ಲಿಲ್ವಾ? ಸರಿ, ನಗೋ ಮಾತಲ್ಲ ಬುಡು.

ಇದು ಅಮ್ಮ ಅಲ್ವಂತೆ ಕಣೆ. ಚಿಕನ್ ಪಾಕ್ಸೂ ಅಲ್ವಂತೆ. ಕೈ ಕಾಲು ಬಾಯಿ ರೋಗ, ಮಕ್ಕಳಿಗೆ ಬರೋದು. ಅದನ್ನ ತರೋ ವೈರಸ್ಸೇ ಬೇರೆ ಬೇರೆ ಅವೆಯಂತೆ, ಯಾವ್ದು ಅಂತ ಲ್ಯಾಬಲ್ಲೇ ಕಂಡುಹಿಡೀಬೇಕಂತೆ. ಒಂದು ಬಲು ಕೆಟ್ಟದ್ದು, ಒಂದೊಂದ್ಸಲ ಮಿದುಳಿಗೇ ಏರ್ತದಂತೆ. ನಮ್ಮ ಕಡಬಕ್ಕೆ ಬಂದಿರೋದು ಅದಲ್ಲ, ಪುಣ್ಯ! ಇದು ಕಾಕ್ಸಾಕಿ ಅಂತ ಏನೋ... ಎ ಸಿಕ್ಸು. ದನಗಳ ಕಾಲುಬಾಯಿ ಜ್ವರವೇ ಬೇರೆ, ಇದೇ ಬೇರೆ, ಹಸೂಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ ಅಂತ ಮೇಡಂ ಒತ್ತಿ ಒತ್ತಿ ಹೇಳಿದ್ರು. ಮನುಷ್ಯರಿಂದ ಮನುಷ್ಯರಿಗೇ ಅಂತೆ. ಎಂಜಲು, ಸಿಂಬಳ, ಗುಳ್ಳೆ ನೀರು, ಕೈ...

ಕೇಳಿಸ್ತಾ? ನಿನ್ ಹಸುದು ಏನೂ ತಪ್ಪಿಲ್ಲ. ಸಂತೋಷ ಪಡೇ!

ನಂಗಂತೂ ಈ ಊರ ಜನದ್ದು ನೆನೆಸ್ಕೊಂಡ್ರೆ ನಾಚಿಕೆ ಆಗ್ತದೆ. ಡೈರೀಲಿ ಗುಂಡಯ್ಯ ನಿನ್ನ ನೋಡಿ ಕ್ಯಾನಿನ ಮುಚ್ಚಳ ಮುಚ್ಚಿದ್ನಂತಲ್ಲ! ಮಗೂನ ಕಾಲುಬಾಯಿ ಮನೆ ಹುಡುಗಿ ಅಂತ ಕರೆಯೋದಾ? ಥೂ, ಮನುಷ್ಯರಾ ಇವ್ರು? ಹಾಲು ಕೊಡೋವರ್ಗೂ ಗೋಮಾತೆ...

ಏನು? ನಾನೇನಂದೆ ಅಂತಾನಾ? ತಾಯಂದಿರ ಸಭೇಲಾ?

ನಾನು... ನಾನೇನೂ ಅನ್ಲಿಲ್ಲ ಕಣೆ. ರೇವಮ್ಮ ಎದ್ದು ನಿಂತು ಕೇಳಿದ್ಲು. ಮಕ್ಕಳೆಲ್ಲ ಸೆಂಟರಲ್ಲಿ ಮೊಸರನ್ನ ತಿಂದ ವಾರದೊಳಗೇ ಹಿಂಗಾಯ್ತಲ್ಲ ಟೀಚರಮ್ಮ, ಮೊಸರನ್ನಕ್ಕೆ ಹಾಲು ಯಾರ ಮನೇದು ಅಂದ್ಲು. ತ್ರಿವೇಣಿ ಮನೇದು ಅಂದೆ. ಅಷ್ಟೇ! ಸುಳ್ಳಾ ಅದು? ಹಾಲು ನಿಂದೇ ತಾನೆ? ಆಮೇಲೆ ಅವರವರೇ ಹಸು ಅಂದ್ರು, ಕಾಲುಬಾಯಿ ಅಂದ್ರು, ಗಂಟು ಹಾಕೊಂಡ್ರು. ನಾನು ಸುಮ್ನಿದ್ದೆ. ಸುಮ್ನೆ ಕೂತಿದ್ದೆ, ಶಿವನಾಣೆ.

ಭೂಮಿಕಾನ ಕಳಿಸ್ಬೇಡ ಅಂದೋಳೂ ನಾನೇ, ಒಪ್ಕೋತೀನಿ. ಗುಳ್ಳೆ ಒಣಗಿ ಮಗು ಹುಷಾರಾದ್ಮೇಲೂ ಅವಳು ಬಂದ್ರೆ ನಮ್ಮ ಮಕ್ಕಳನ್ನ ಕಳಿಸಲ್ಲ ಅಂತ ಎಲ್ಲ ಕೂತ್ಬಿಟ್ರಲ್ಲ, ಏನ್ ಮಾಡ್ಲಿ? ಆದ್ರೂ ಒಂದಿನ ಬಂದಿತ್ತು ಪಾಪ, ಬ್ಯಾಗ್ ಹಾಕ್ಕೊಂಡು, ತಟ್ಟೆ ಹಿಡ್ಕೊಂಡು. ಟೀಚರ್ ಟೀಚರ್ ಅಂತ ಬಾಗಿಲು ತಟ್ತು. ನಾನು ಒಳಗಿಂದ ಚಿಲಕ ಹಾಕ್ದೆ... ನಿಂಗೆ ಹೇಳಿರ್ಲಿಲ್ವಾ ಮಗು? ಹೇಳೇ ಇಲ್ವಾ?

ಬೈಯೇ ನನ್ನ. ಒಂದ್ ಮಾತು ಬೈದ್ಬಿಡು, ಹಗುರಾಗ್ತದೆ.

ದೀಪೂನ ಯಾಕೆ ಜೊತೇಲಿ ಕರ್ಕೊಂಡು ತಿರುಗ್ತೀನಿ ಅಂತ ನೋಡ್ತೀಯಾ? ಮನೇಲಿ ಯಾರವ್ರೆ ಹೇಳು. ಮಗಳು ಅಳಿಯ ಕುಣಿಗಲ್‌ನಲ್ಲಿ, ಇಬ್ರಿಗೂ ಕೆಲಸ, ಮೊಮ್ಮಗಳು ನನ್ನ ಸೆರಗಿಗೆ. ಓ, ಕೈಗೆ ಸುತ್ತಿರೋ ಬಟ್ಟೆನಾ? ಗೋರಂಟಿ ಕಣೆ. ಅರೆದು ಹಚ್ಚಿ ಸುತ್ತಿದೀನಿ. ಏಯ್ ದೀಪು, ಬಿಚ್ಬಾರ್ದು ಅಂದ್ನಲ್ಲ! ಇತ್ಲಾಗ್ ಬಾ, ನನ್ನ ಪಕ್ಕ ಕೂತ್ಕೋ.

ಇವಳಿಗೇನೂ ಆಗ್ಲಿಲ್ಲ ನೋಡು, ದೇವರ ದಯೆ. ಮೇಡಂ ಬಂದ ದಿನ ಊರಲ್ಲೂ ಇರ್ಲಿಲ್ಲ. ಕುಣಿಗಲ್‌ಗೆ ಕಳಿಸಿದ್ದೆ... ಅಂದ್ರೆ, ಅಮ್ಮನ್ನ ನೋಡ್ಬೇಕು ಅಂತ ಹಟ ಮಾಡಿದ್ಲು, ಹೋಗಿದ್ಲು.

ಇನ್ನೊಂದು ಮಾತು ಕಣೆ, ಮರೀತೀನಿ. ಈ ಎ ಸಿಕ್ಸು ಬಂದ ಮಕ್ಕಳಿಗೆ ಎಲ್ಲ ವಾಸಿ ಆಗಿ ಒಂದೆರಡು ತಿಂಗಳಿಗೆ ಉಗುರು ಎದ್ದು ಬಿದ್ದೋಗ್ತವಂತೆ. ಎಲ್ಲಾರಿಗೂ ಅಲ್ಲ, ಕೆಲವರಿಗೆ. ಭೂಮಿಕಾಗೆ ಹಂಗಾದ್ರೆ ಹೆದರಬೇಡ... ಆಗ್ಲೇ ಶುರು ಆಯ್ತಾ? ಎಲ್ಲಿ, ಬಾರೆ ಭೂಮಿ, ತೋರ್ಸು. ಬಾರೆ, ಟೀಚರ್ ಏನೂ ಮಾಡಲ್ಲ... ಹೂಂ. ಹಿಂಗೇ. ಬುಡದಲ್ಲಿ ಗೀರು ಬಿದ್ದಂಗೆ ಆಗಿ ಬೆಳ್ಳಗೆ ಎದ್ಕೊಳ್ತದೆ. ಆಮೇಲೆ ಹೆಬ್ಬೆರಳದ್ದು ಮೊದ್ಲು ಬೀಳ್ತದೆ. ತಲೆ ಕೆರ್ಕೊಳ್ವಾಗ ಕೂದಲಿಗೆ ಸಿಕ್ಕೊಂಡು ಎಳೀತದೆ ನೋಡು, ಆಗ ಒಸಿ ಅಳ್ತವೆ. ಒಂದ್ ಹನಿ ಕೊಬ್ರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಟ್ರೆ ಸಾಕು, ಕೆಳಗೆ ಹೊಸದು...

ಹೆಂಗ್ ಗೊತ್ತು ಅಂದ್ರೆ? ಮೇಡಂ ಹೇಳಿದ್ರು ಅಂದ್ನಲ್ಲ! ಫೋನಲ್ಲಿ... ಕೂದಲಿಗೆ ಸಿಕ್ಕೊಳ್ಳೋದಾ? ಅದೂ ಅವರೇ...

ಯಾಕೆ ದೀಪು ಕಡೆ ನೋಡ್ತೀಯ? ಗೋರಂಟಿ ಅಂದೆ ತಾನೆ! ಬ್ಯಾಡ ಕಣೆ, ಬಿಚ್ಬೇಡ, ಇನ್ನೂ ಬಣ್ಣ ಕಚ್ಚಿಲ್ಲ... ತ್ರಿವೇಣಿ... ನಿಂಗೆ ಕೈ ಮುಗೀತೀನಿ, ಮಗೂನ ಬುಡು...

ಹೂಂ.

ಗೋರಂಟಿ ಇಲ್ಲ.

ಹಂಗೆ ಆ ಬೆರಳು ಹಿಡ್ಕೊಂಡು ಕೂತ್ಕೋಬೇಡ. ಮೂರು ಉಗುರು ಬಿದ್ದೋದ್ವು. ಹೊಸದು ಬರ್ತಾ ಅದೆ, ಅಕ್ಕಿ ಕಾಳಿನಷ್ಟು, ಕಾಣ್ತದಲ್ಲ.

ಇವಳಿಗೇ ಕಣೆ ಮೊದ್ಲು ಬಂದಿದ್ದು. ಕುಣಿಗಲ್‌ನಿಂದ ಬರೋವಾಗ್ಲೇ ಮೈ ಬೆಚ್ಚಗಿತ್ತು, ಬೆಳಗಾದ್ರೆ ಅಂಗೈ ತುಂಬ ಗುಳ್ಳೆ. ಅಮ್ಮ ಅಂದ್ಕೊಂಡೆ. ಬೇವಿನ ಸೊಪ್ಪು ಸಿಕ್ಕಿಸ್ಕೊಂಡು ಬಾಯಿ ಮುಚ್ಕೊಂಡಿದ್ದೆ. ನಮ್ಮತ್ತೆ ಹೇಳ್ತಿದ್ದಿದ್ದೇ ತಲೇಲಿ ಕೂತಿತ್ತು. ಅಮ್ಮ ಇಳಿದ್ಮೇಲೆ ತಂಪು ಮಾಡ್ಬೇಕು, ಅಮ್ಮ ಆದ ಮಗು ಕೈಯಿಂದ್ಲೇ ನೆರೆಹೊರೆ ಮಕ್ಕಳಿಗೆ ಮೊಸರನ್ನದ ತುತ್ತು ಕೊಡಿಸ್ಬೇಕು, ಯಾಕೆ ಅಂತ ಮಾತ್ರ ಯಾರಿಗೂ ಹೇಳ್ಬಾರ್ದು, ಹೇಳಿದ್ರೆ ಅಮ್ಮ ಮುನಿಸ್ಕೋತಾಳೆ ಅಂತ. ನಿನ್ ಹತ್ರ ಹಾಲು ತಗೊಂಡೋಗಿ ಹೆಪ್ಪಾಕ್ದೆ. ಸೋಪು ಹಚ್ಚಿ ಕೈ ತೊಳೀರಿ ಅಂತ ದಿನಾ ಹಾಡು ಹೇಳಿಸೋ ಟೀಚರು ನಾನು! ಇವಳ ಈ ಕೈಯಿಂದ್ಲೇ ಕಲೆಸಿ ಒಂದೊಂದು ತುತ್ತು ಕೊಡಿಸ್ದೆ. ಗುಳ್ಳೆ ಪೂರ್ತಿ ಒಣಗಿರ್ಲೂ ಇಲ್ಲ ಕಣೆ... ಭೂಮಿಕಾ ಇನ್ನೊಂದ್ಸಲ ಕೈ ಚಾಚ್ತು. ಎಷ್ಟು ಇಷ್ಟ ಪಟ್ಟು ತಿಂತದೆ ಅಂತ ಇನ್ನೊಂದು ತುತ್ತು ಕೊಡಿಸ್ದೆ.

ಸಭೇಲಿ ರೇವಮ್ಮ ಹಾಲು ಯಾರ ಮನೇದು ಅಂತ ಕೇಳಿದ್ಲು. ಕಲೆಸಿದ ಕೈ ಯಾರದ್ದು ಅಂತ ಯಾರೂ ಕೇಳ್ಲಿಲ್ಲ. ಬಚಾವಾದೆ ಅಂದ್ಕೊಂಡೆ ಕಣೆ, ದೇವ್ರೇ... ಮೇಡಂ ಬರ್ತಾರೆ ಅಂತ ಗೊತ್ತಾಗಿ ಇವಳನ್ನ ಕುಣಿಗಲ್ ಬಸ್ ಹತ್ತಿಸ್ದೆ. ರಿಪೋರ್ಟಲ್ಲಿ ವೈರಸ್ ಹೆಸರು ಬರ್ತದೆ, ಯಾರ ಮನೇದು ಅಂತ ಬರಲ್ಲವಲ್ಲ. ಅದೊಂದು ಧೈರ್ಯ. ಇವತ್ತು ಹಸು ಉಳಿಸ್ಬಿಟ್ರೆ ನಂಗೂ ಒಸಿ ನಿದ್ದೆ ಬರ್ತದೆ, ಯಾರಿಗೂ ಏನೂ ಗೊತ್ತಾಗೋದು ಬೇಡ ಅಂತ ಬಂದೆ.

ಅಗೋ, ಹಸು ಬಿಚ್ಕೊಂಡು ಹೊರಟೇಬಿಟ್ಟ ರಂಗರಾಜು! ಕೂಗೇ! ಬೇಡ ಅನ್ನೇ! ಟೆಂಪೋ ಹತ್ತಿಸಿಬಿಟ್ರೆ ಮುಗೀತು... ಯಾಕೆ ಕಲ್ಲಿನಂಗೆ ಕೂತಿದೀಯ? ಯಾಕೆ ನನ್ನೇ ನೋಡ್ತೀಯ?

ನಾನಾ?

ಬೀದೀಲಾ? ಡೈರಿ ಮುಂದೆ ಎಲ್ಲ ಹಾಲು ಹಿಡ್ಕೊಂಡು ನಿಂತವ್ರೆ ಕಣೆ, ರೇವಮ್ಮನೂ ಅವ್ಳೆ. ನಾಳೆ ಸಭೆ ಕರೆದು ಹೇಳ್ತೀನಿ, ಖಂಡಿತ ಹೇಳ್ತೀನಿ. ನಾಳೆ... ನಾಳೆ ಹೊತ್ತಿಗೆ ಹಸು ಎಲ್ಲಿರ್ತದೋ. ಹೌದು. ಬರೀ ರಿಪೋರ್ಟ್ ಬಂತು ಅಂದ್ರೆ ಗುಂಡಯ್ಯ ಮುಚ್ಚಳ ತೆಗೀತಾನಾ? ಹೌದು. ಅದೂ ಹೌದು.

ಆ ಲೋಟ ಕೊಡು ಇತ್ಲಾಗೆ. ಕಾಫಿ ಆರೋಗ್ಬಿಟ್ಟದೆ, ಪರವಾಗಿಲ್ಲ. ಕೆನೆ ಕಟ್ಕೊಂಡದೆ. ಎಷ್ಟು ಗಟ್ಟಿ ಹಾಲು ಕಣೆ... ದೀಪು, ನನ್ನ ಕೈ ಹಿಡ್ಕೋ. ಬಟ್ಟೆ ಬೇಡ ಬುಡು, ಹಂಗೇ ಬಾ.

ರಂಗರಾಜೂ! ಏಯ್ ರಂಗರಾಜೂ, ನಿಲ್ಲಪ್ಪಾ! ಹತ್ತಿಸ್ಬೇಡ! ಗುಂಡಯ್ಯಾ, ರೇವಮ್ಮಾ, ನೀವೂ ಇತ್ಲಾಗ್ ತಿರುಗ್ರಿ... ಈ ಮಗು ಕೈ ನೋಡ್ರಿ... ಹಸೂದಲ್ಲ ಕಣ್ರಪ್ಪಾ, ಈ ಗುಳ್ಳೆ ಬಂದಿದ್ದು ನಮ್ಮನೆಯಿಂದ!