ಅಣ್ಣನ ಎದುರಾಳಿಗೆ ಕೊಟ್ಟ ಕುದುರೆ

ಸಭೆಯ ಅಧ್ಯಕ್ಷರಾದ ವರ್ನಾ ಟಿಬೆಟ್ಸ್ ಅವರೇ, ಈ ವರ್ಷದ ರೋಡಿಯೋದಲ್ಲಿ ಸಮಗ್ರ ಚಾಂಪಿಯನ್ ಆದ ಡೆಲ್ ಕಿಂಬ್ರೋ ಅವರೇ, ಎರಡನೆಯ ಸ್ಥಾನ ಪಡೆದ ನನ್ನ ಅಣ್ಣ ಆರಿನ್, ಮತ್ತು ಊಟದ ತಟ್ಟೆಯನ್ನು ಇನ್ನೂ ಕೆಳಗಿಡದ ವಿಲೋ ಫೋರ್ಕಿನ ಸಭಿಕರೇ,

ಗೆದ್ದವರನ್ನು ಅಭಿನಂದಿಸುವ ಮಾತು ಎರಡನೆಯವನ ಮನೆಯಿಂದಲೇ ಬರಬೇಕೆಂಬುದು ನಮ್ಮೂರ ಪದ್ಧತಿ. ಅಣ್ಣ ಮಾತಾಡುವವನಲ್ಲ. ಅಮ್ಮ ಮಾತಾಡಿದರೆ ನಿಲ್ಲಿಸುವವರಿಲ್ಲ. ಹೀಗಾಗಿ, ಸಾಹಿತ್ಯ ಓದಿದ್ದೇನೆಂಬ ನೆಪದಲ್ಲಿ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ಡೆಲ್ ಅವರ ಸಾಧನೆಯನ್ನು ನೀವೆಲ್ಲ ಕಂಡಿದ್ದೀರಿ. ಕುಪ್ಪಳಿಸುವ ಕಾಡುಕುದುರೆಯ ಬೆನ್ನ ಮೇಲೆ ಕುಳಿತರು, ಓಡುವ ಹೋರಿಯನ್ನು ಕೊಂಬು ಹಿಡಿದು ಕೆಡವಿದರು, ಹಗ್ಗ ಎಸೆದು ಕರುವಿನ ಕಾಲು ಕಟ್ಟಿದರು. ಮೂರರಲ್ಲೂ ಒಬ್ಬರೇ ಪಳಗುವುದು ಸುಲಭವೇ? ಕರುಗಳ ಅಭಿಪ್ರಾಯ ಬೇರೆ ಇರಬಹುದು. ಅವನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ.

ನನ್ನ ಕುತೂಹಲವೆಲ್ಲ ಕೊನೆಯ ದಿನ ಮಧ್ಯಾಹ್ನ ನಡೆದದ್ದರ ಸುತ್ತ. ಕರು ಕಟ್ಟುವ ಸ್ಪರ್ಧೆಯೊಂದೇ ಉಳಿದಿತ್ತು. ಅಂಕಗಳಲ್ಲಿ ಅಣ್ಣ ಸ್ವಲ್ಪ ಮುಂದಿದ್ದ. ಮೊಣಕಾಲು ಕೈಕೊಟ್ಟಿರುವುದರಿಂದ ಇದು ಅವನ ಕೊನೆಯ ವರ್ಷ. ಪ್ರತಿಸಲ ಎರಡನೆಯವನಾಗಿ ಮನೆಗೆ ಬರುತ್ತಿದ್ದವನು ಈ ಸಲ ಗೆಲ್ಲುತ್ತಾನೆಂದು ಅಮ್ಮ ಸೇಬಿನ ಪೈ ಕೂಡ ಮಾಡಿಟ್ಟಿದ್ದಳು. ಅಷ್ಟರಲ್ಲಿ ಡೆಲ್ ಅವರ ಕುದುರೆ ಕುಂಟತೊಡಗಿತು. ಅವರು ಟೋಪಿಯನ್ನು ಕೈಯಲ್ಲಿ ಹಿಡಿದು ಕುದುರೆ ಸಾಗಿಸುವ ನಮ್ಮ ಟ್ರೇಲರ್ ಹತ್ತಿರ ಬಂದರು.

"ಆರಿನ್, ನಿನ್ ಕುದುರೆ ಬೇಕಿತ್ತಲ್ಲೋ."

"ನಂದು ಅಂತ ಯಾರ್ ಹೇಳಿದ್ರು? ಜೂನಿಪರ್‌ನ ಪಳಗಿಸ್ದೋಳು ನನ್ ತಂಗಿ. ಇವಳನ್ನೇ ಕೇಳು. ಬೈದ್ರೆ ನಾನಂತೂ ಅಡ್ಡ ಬರಲ್ಲಪ್ಪ."

ಕುದುರೆ ಕೇಳಿ ಬಂದವರಿಗೆ ನಮ್ಮಲ್ಲಿ ಇಲ್ಲ ಎನ್ನುವುದಿಲ್ಲ, ಬಂದವನು ಎದುರಾಳಿಯೇ ಆದರೂ ಸರಿ. ಆದರೂ ಅಂದು ಇಲ್ಲ ಎಂದಿದ್ದರೆ ಯಾರು ತಪ್ಪು ತಿಳಿಯುತ್ತಿದ್ದರು? ನಾನು ಹೂಂ ಎಂದೆ. ಪದ್ಧತಿಗೆ ತಲೆಬಾಗಿ ಕೊಟ್ಟೆ ಎಂದರೆ ಈ ವೇದಿಕೆಗೆ ಒಪ್ಪುತ್ತದೆ. ಆದರೆ ಮರಿಯಾಗಿದ್ದಾಗಿನಿಂದ ನಾನು ಪಳಗಿಸಿದ ಕುದುರೆ ಡೆಲ್ ಅವರ ಕೈಯಲ್ಲಿ ಹೇಗೆ ಓಡುತ್ತದೆಂದು ನನಗೆ ನೋಡಬೇಕಿತ್ತು. ಅಷ್ಟೇ.

"ಅಣ್ಣನಿಗಿಂತ ಕುದುರೆ ಹೆಚ್ಚಾಯ್ತೇನೇ ನಿಂಗೆ?" ಎಂದಳು ಅಮ್ಮ.

ಮೊದಲು ಅಣ್ಣನ ಸರದಿ. ಅವನೂ ಜೂನಿಪರ್ ಮೇಲೆಯೇ ಹೋಗಿ ತಪ್ಪಿಲ್ಲದೆ ಕಟ್ಟಿದ, ಚಪ್ಪಾಳೆ ಬಿತ್ತು. ಆಮೇಲೆ ತಾನೇ ಜೂನಿಪರ್‌ಳ ಬೆವರು ಒರೆಸಿ, ಲಗಾಮನ್ನು ಡೆಲ್ ಅವರ ಕೈಗಿತ್ತ. "ಎಡಕ್ಕೆ ಸ್ವಲ್ಪ ಎಳೀತಾಳೆ, ನೋಡ್ಕೋ" ಎಂದೂ ಹೇಳಿದ.

ಡೆಲ್ ಕರುವಿನ ಕೊರಳಿಗೆ ಹಗ್ಗ ಎಸೆದರು. ಜೂನಿಪರ್ ಕಾಲೂರಿ ಗಕ್ಕನೆ ನಿಂತಳು. ಅವರು ಇಳಿದು ಕರುವಿನತ್ತ ಓಡುತ್ತಿದ್ದರೆ ಇವಳು ಹಿಂದಿಂದಕ್ಕೆ ಸರಿಯುತ್ತ, ಜೀನಿಗೆ ಕಟ್ಟಿದ ಹಗ್ಗ ಒಂದಿಷ್ಟೂ ಸಡಿಲವಾಗದಂತೆ ನೋಡಿಕೊಂಡಳು. ಅಣ್ಣನಿಗಿಂತ ಬೇಗ ಕಟ್ಟಿ ಮುಗಿಸಿ ಅವರು ಕೈ ಎತ್ತಿದಾಗ ನಾನು ಬೇಲಿ ಹತ್ತಿ ಕೂಗುತ್ತಿದ್ದೆ. ಯಾರ ಪರವಾಗಿ ಕೂಗಿದೆನೋ ಗೊತ್ತಿಲ್ಲ. ಅಮ್ಮ ಅಂಗಿ ಹಿಡಿದು ಎಳೆದಳು.

"ಇಳಿಯೇ ಕೆಳಗೆ! ಸೋತಿದ್ದು ನಿಮ್ಮಣ್ಣ!"

ಡೆಲ್ ಕುದುರೆಯನ್ನು ನಡೆಸಿಕೊಂಡು ಬಂದು, "ಏನಮ್ಮಾ ಕಲಿಸಿದೀಯ ಇದಕ್ಕೆ? ನಾನು ಸುಮ್ನೆ ಇದರ ಜೊತೆ ಹೋದೆ" ಎಂದರು. ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ನೋಡಿ, ಡೆಲ್ ಅಲ್ಲಿ ಕುಳಿತು ನಗುತ್ತಿದ್ದಾರೆ.

ಅಂದೆಲ್ಲ ನಾನು ಅಣ್ಣನ ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವನು ಲಾಯದಲ್ಲಿ ಜೂನಿಪರ್‌ಳ ಮೈ ಉಜ್ಜುತ್ತಿದ್ದ. ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ.

"ಸುಮ್ನಿರೇ," ಎಂದ. "ಇಷ್ಟ್ ವರ್ಷ ಇವಳ ಬೆನ್ನ ಮೇಲೇ ಕೂತಿದ್ನಲ್ಲ, ಇವಳು ಓಡೋದನ್ನ ನಾನು ಯಾವತ್ತೂ ನೋಡೇ ಇರ್ಲಿಲ್ಲ ಕಣೇ. ಎಷ್ಟ್ ಚೆನ್ನಾಗ್ ಓಡ್ತಾಳೆ!"

ಇದಕ್ಕಿಂತ ದೊಡ್ಡ ಅಭಿನಂದನೆ ನನಗೆ ಬರೆಯಲು ಬಾರದು. ಸಾವಧಾನದಿಂದ ಕೇಳಿದ ನಿಮಗೆ, ಲಗಾಮು ಕೈಗಿತ್ತ ಅಣ್ಣನಿಗೆ, ಕುದುರೆ ಬೇಕೆಂದು ಕೇಳಿದ ಡೆಲ್ ಅವರಿಗೆ ನನ್ನ ಧನ್ಯವಾದ.

ನಮಸ್ಕಾರ.