ಫ್ಲೂ ಮಾತ್ರೆ ಮೊದಲು ಯಾರಿಗೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿಗೆ ಸರ್ಕಾರಿ ಔಷಧಿ ಉಗ್ರಾಣದಲ್ಲಿ ಕೆಲಸವೆಂದು ಮಾತಿನಿಂದಲೇ ತಿಳಿಯಿತು.

"ಇವತ್ತೆಲ್ಲ ಫ್ಲೂ ಮಾತ್ರೆ ಸುಡೋಕೆ ಕಳಿಸಿದ್ದೇ ಆಯ್ತು ಕಣಕ್ಕ. ಎರಡು ಲಾರಿ."

"ಕೆಟ್ಟೋಗಿತ್ತಾ?"

"ಡೇಟ್ ಮುಗಿದಿತ್ತು. ಏಳು ವರ್ಷ ಕಾದಿಟ್ವಿ, ಒಂದು ಮಾತ್ರೆನೂ ಖರ್ಚಾಗ್ಲಿಲ್ಲ."

"ದುಡ್ಡು ದಂಡ."

"ಆಡಿಟ್‌ನೋರೂ ಅದನ್ನೇ ಬರೆದಿದಾರೆ. ಊರಿಗೆಲ್ಲ ಜ್ವರ ಬಂದಿದ್ರೆ ನಾಲ್ಕು ದಿನಕ್ಕೆ ಖಾಲಿಯಾಗಿರೋದು. ಆಗ ಇನ್ನೂ ಯಾಕೆ ತರಿಸ್ಲಿಲ್ಲ ಅಂತ ಬರೆಯೋರು."

"ಮತ್ತೆ ತರಿಸ್ತೀರಾ?"

"ಈ ಸಲ ಅರ್ಧ. ಲೆಕ್ಕ ಹಾಕಿದ್ರೆ ಅಷ್ಟಾದ್ರೇನೇ ಗಿಟ್ಟುತ್ತಂತೆ."

"ಅರ್ಧ ಅಂದ್ರೆ ಯಾರಿಗೆ ಕೊಡ್ತೀರೇ?"

"ಆ ಪಟ್ಟಿನೂ ನನ್ನ ತಲೆಗೇ ಕಟ್ಟಿದಾರೆ. ಡಾಕ್ಟ್ರು, ನರ್ಸು, ಆಂಬ್ಯುಲೆನ್ಸ್ ಡ್ರೈವರ್‌ಗಳು, ಬಸುರಿಯರು, ವಯಸ್ಸಾದೋರು. ನಿನ್ನೆ ಬರೆದು ಮುಗಿಸ್ದೆ."

"ಉಗ್ರಾಣದೋರು?"

"ನಮ್ಮ ಹೆಸರು ನಾವೇ ಬರ್ಕೊಂಡ್ರೆ ಚೆನ್ನಾಗಿರಲ್ಲ ಅಂತ ಬಿಟ್ಟೆ."

"ಬೀಗದ ಕೈ ಯಾರ ಹತ್ರ ಇರೋದು?"

"ನನ್ನ ಹತ್ರ. ಇನ್ನೊಂದು ಗುಮಾಸ್ತರ ಹತ್ರ."

"ನೀವಿಬ್ಬರೂ ಜ್ವರ ಬಂದು ಮಲಗಿದ ದಿನ ಬಾಗಿಲು ತೆಗೆಯೋರು ಯಾರೇ?"

ಅವರ ಸ್ಟಾಪ್ ಬಂತು. ಇಳಿಯುತ್ತಲೇ ತಂಗಿ ಚೀಲದೊಳಗೆ ಕೈಹಾಕಿ ಪೆನ್ನು ಹುಡುಕುತ್ತಿದ್ದಳು.